ತೈಲ ಐವತ್ತು ಮುಟ್ಟಲಿ

ಜನವರಿ 20, 2016, ಬುಧವಾರ. ತೈಲ: 28

ಒಂದು ಪೀಪಾಯಿಗೆ ಇಪ್ಪತ್ತೆಂಟು ಡಾಲರ್. ಎರಡು ವರ್ಷದ ಹಿಂದೆ ನಾನು ನೂರ ಹತ್ತು ಡಾಲರಿನ ಮನುಷ್ಯನಾಗಿದ್ದೆ. ಟೈ ಕಟ್ಟಿಕೊಂಡು ನಮ್ಮೂರು ಸುಲೈಮಾನಿಯ ಪೇಟೆಬೀದಿಯಲ್ಲಿ ನಡೆದರೆ ಅಂಗಡಿಯವರು ಎದ್ದು ನಿಂತು ಚಹಾಕ್ಕೆ ಕರೆಯುತ್ತಿದ್ದರು. ಈಗ ದೂರದಿಂದ ನನ್ನನ್ನು ಕಂಡರೆ ಸಾಕು, ಸತ್ತ ಫೋನನ್ನು ಕಿವಿಗೆ ಹಿಡಿದು ಜೋರಾಗಿ ಮಾತಾಡತೊಡಗುತ್ತಾರೆ.

ಈ ಡೈರಿ ಇಲಾಖೆ ಕೊಟ್ಟದ್ದು. ಸೆಪ್ಟೆಂಬರಿನಿಂದ ಸಂಬಳವಿಲ್ಲ, ಡೈರಿ ಮಾತ್ರ ತಪ್ಪದೆ ಬಂತು. ಮೊದಲ ಪುಟದಲ್ಲಿ ‘ನೌಜಾದ್ ಕರೀಮ್, ಉಪಮುಖ್ಯಸ್ಥ, ಹೈನು ಅಭಿವೃದ್ಧಿ ವಿಭಾಗ’ ಎಂದು ಬರೆದೆ. ಮುಂದೆ ಏನು ಬರೆಯುವುದೆಂದು ಹೊಳೆಯದೆ ದಿನಾ ತೈಲದ ಬೆಲೆ ಬರೆಯುತ್ತಿದ್ದೇನೆ. ಇಪ್ಪತ್ತೊಂದು ವರ್ಷದಲ್ಲಿ ನಮ್ಮ ವಿಭಾಗ ಹೈನನ್ನು ಎಷ್ಟು ಅಭಿವೃದ್ಧಿಪಡಿಸಿದೆ ಎಂದರೆ, ಊರಿನ ಮೊಸರೆಲ್ಲ ಗಡಿಯಾಚೆಯಿಂದ ಲಾರಿಯಲ್ಲಿ ಬರುತ್ತದೆ. ನಾನಂತೂ ಎಮ್ಮೆಯನ್ನು ಕಂಡದ್ದು ಗೋಡೆಯ ಕ್ಯಾಲೆಂಡರಿನಲ್ಲಿ. ಆದರೂ ನೆಲದಡಿಯ ತೈಲ ಮೇಲೆ ಬರುತ್ತಿತ್ತು, ತಿಂಗಳ ಕೊನೆಗೆ ನನ್ನ ಜೇಬಿಗೂ ಬರುತ್ತಿತ್ತು. ನಡುವೆ ಎಮ್ಮೆ ಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಇವತ್ತು ಮಗಳು ತಾವ್ಗಾ ಜೊತೆ ಜಗಳ. ಯಾರೋ ಹೇಮಿನ್ ಎಂಬ ಮೊಸರಿನವನಂತೆ. ಅವನ ಮನೆಯವರು ಹೆಣ್ಣು ಕೇಳಲು ಬರುತ್ತಾರಂತೆ.

“ಸರ್ಕಾರಿ ಸಂಬಳ ಇಲ್ಲದವನಿಗೆ ನನ್ನ ಮಗಳನ್ನ ಕೊಡೋದಿಲ್ಲ,” ಎಂದೆ.

“ಹಾಗಾದ್ರೆ ಅಮ್ಮ ಇವತ್ತೇ ಗಂಟುಮೂಟೆ ಕಟ್ಕೊಂಡು ತವರಿಗೆ ಹೋಗ್ಬೇಕು.”

ಗೆಲಾವೇಜ್ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ನನ್ನ ಹೆಂಡತಿ ಇಪ್ಪತ್ತಾರು ವರ್ಷದಿಂದ ತಪ್ಪಾದ ಹೊತ್ತಿನಲ್ಲೇ ನಗುತ್ತ ಬಂದಿದ್ದಾಳೆ. ನಾನು ಮೀಸೆ ತಿರುವಿ ತೀರ್ಪು ಕೊಟ್ಟೆ: “ತೈಲ ಐವತ್ತು ಮುಟ್ಟಲಿ. ನಮ್ಮ ಪಕ್ಷದ ಸಾಬಿರ್‌ಗೆ ಹೇಳಿ ಆ ಹುಡುಗನಿಗೊಂದು ಕುರ್ಚಿ ಕೊಡಿಸ್ತೀನಿ. ಆಮೇಲೆ ಬಂದು ಕೇಳಲಿ.”

“ಮಾತು ಮಾತೇ ತಾನೆ, ಅಪ್ಪ?”

“ನಾನು ಗಂಡಸು ಕಣೇ.”

ರಾತ್ರಿ ನೋಡಿದರೆ ಅವಳ ಫೋನಿನಲ್ಲೂ ತೈಲದ ಬೆಲೆ ಓಡುತ್ತಿದೆ. ಜಗತ್ತಿನಲ್ಲಿ ಯಾವ ಹುಡುಗಿಯ ಮದುವೆ ಪೀಪಾಯಿಯ ಲೆಕ್ಕದಲ್ಲಿ ನಿಂತಿದೆಯೋ ಕಾಣೆ. ನನ್ನ ಮಗಳದ್ದು ನಿಂತಿದೆ, ನಿಲ್ಲಿಸಿದವನು ನಾನು.

ಫೆಬ್ರವರಿ 4, ಗುರುವಾರ. ತೈಲ: 34

ಸಂಬಳಕ್ಕೆ ಕತ್ತರಿ ಬಿತ್ತು. ಸರ್ಕಾರ ಅದನ್ನು ಕತ್ತರಿ ಎನ್ನುವುದಿಲ್ಲ, ‘ಉಳಿತಾಯ’ ಎನ್ನುತ್ತದೆ. ನಮ್ಮ ಸಂಬಳದ ಅರ್ಧ ನಮ್ಮ ಪರವಾಗಿ ಸರ್ಕಾರವೇ ಉಳಿಸಿಡುತ್ತದಂತೆ. ಕೈಗೇ ಬಾರದ ಸಂಬಳದಲ್ಲಿ ಅರ್ಧ ಉಳಿತಾಯ!

“ಎಂಥಾ ಬುದ್ಧಿ ಮಾರಾಯ! ನಮ್ಮ ಕೈಗೆ ಕೊಟ್ಟಿದ್ರೆ ತಿಂದು ಮುಗಿಸಿಬಿಡ್ತಿದ್ವಿ,” ಎಂದ ಫೈಕ್. ನನ್ನ ಎದುರಿನ ಕುರ್ಚಿಯವನು. ಫೋನಿನಲ್ಲಿ ಬೆಲೆ ನೋಡುತ್ತ, ಕೂಗಿ ಹೇಳುತ್ತ, ಮತ್ತೆ ನೋಡುತ್ತ ಕೂತಿರುತ್ತಾನೆ. ವಿಭಾಗದಲ್ಲಿ ಅತಿ ಹೆಚ್ಚು ದುಡಿಯುವವನು ಅವನೇ.

ಕೋಣೆಯ ಹೀಟರಿಗೆ ಸೀಮೆಎಣ್ಣೆ ಬಂದಿಲ್ಲ. ತೈಲದ ಮೇಲೆ ಕೂತ ನಾಡಿನಲ್ಲಿ ಕೋಟು ಹಾಕಿಕೊಂಡು ನಡುಗಿದೆವು. ನೌಕರರೆಲ್ಲ ಮುಷ್ಕರಕ್ಕೆ ನಿಂತು ಬಾಗಿಲಿಗೆ ಬೀಗ ಜಡಿದರು. ಯುದ್ಧದ ಮುಂಚೂಣಿಯಲ್ಲಿ ಬಂದೂಕು ಹಿಡಿದು ನಿಂತ ಹುಡುಗರಿಗೂ ಸಂಬಳವಿಲ್ಲವಂತೆ. ಅದನ್ನು ಕೇಳಿದ ಮೇಲೆ ನನ್ನ ಚಳಿಯ ಬಗ್ಗೆ ಬಾಯಿ ತೆರೆಯಲು ನಾಚಿಕೆಯಾಯಿತು. ನಾಚಿಕೆ ಕೂಡ ಒಂದಿಷ್ಟು ಬೆಚ್ಚಗಿರುತ್ತದೆ.

ಫೆಬ್ರವರಿ 16, ಮಂಗಳವಾರ. ತೈಲ: 32

ಬೀಗ ಬಿದ್ದ ಕಚೇರಿಗೆ ದಿನಾ ಟೈ ಕಟ್ಟಿಕೊಂಡು ಹೊರಡುತ್ತಿದ್ದೇನೆ. ನೆರೆಮನೆಯವರು ನೋಡಬೇಕಲ್ಲ. ನೆರೆಮನೆಯವನೂ ಬೀಗ ಬಿದ್ದ ಕಚೇರಿಗೇ ಹೊರಡುತ್ತಾನೆ. ಬೀದಿಯ ತಿರುವಿನಲ್ಲಿ ಇಬ್ಬರೂ ಗಂಭೀರವಾಗಿ ತಲೆಯಾಡಿಸಿ ಬೇರೆ ಬೇರೆ ದಾರಿ ಹಿಡಿಯುತ್ತೇವೆ.

ಇವತ್ತು ಒಂದು ಯೋಚನೆ ಬಂತು. ಆ ಮೊಸರಿನವನ ಅಂಗಡಿಯನ್ನು ಗುಟ್ಟಾಗಿ ನೋಡಿ ಬರಬೇಕು. ಹೋಗಿ, ಎದೆ ಸೆಟೆಸಿ, “ಹೈನು ಅಭಿವೃದ್ಧಿ ವಿಭಾಗ. ತಪಾಸಣೆ,” ಎಂದೆ. ಹೇಮಿನ್ ಎಂಬವನ ಕೈಯಿಂದ ಹಾಲಿನ ಪಾತ್ರೆ ಜಾರಿ ಬಿತ್ತು. ಹುಡುಗ ಹುಟ್ಟಾ ಅಂಜುಬುರುಕ. ಅವನ ತಾಯಿ ಪೀರೋಜ್, ಗಟ್ಟಿ ಹೆಂಗಸು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ. ತಪಾಸಣೆಗೆ ಅಂತ ಬಂದವರು ನೀವೇ ಮೊದಲು. ಕೂತ್ಕೊಳ್ಳಿ, ಚಳೀಲಿ ಬಂದಿದೀರಿ.”

ಒಲೆಯ ಪಕ್ಕ ಕೂರಿಸಿ, ಬಿಸಿ ರೊಟ್ಟಿ, ಕೆನೆಮೊಸರು ಕೊಟ್ಟಳು. ನಾನು ಯಾರ ತಂದೆ ಎಂಬುದು ಅವಳಿಗೆ ಗೊತ್ತಾಗಲಿಲ್ಲ. ಇಂಥ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಹೊರಡುವಾಗ ಒಂದು ಡಬ್ಬಿ ಮೊಸರು ಕೈಗಿತ್ತು, “ಮನೇಲಿ ಮಗಳಿಗೆ ಕೊಡಿ,” ಎಂದಳು. ಮಗಳಿದ್ದಾಳೆಂದು ನಾನು ಹೇಳಿರಲಿಲ್ಲ. ನನ್ನ ವಯಸ್ಸು ನೋಡಿ ಊಹಿಸಿರಬೇಕು.

ಮನೆಯಲ್ಲಿ ಡಬ್ಬಿ ಇಟ್ಟು, “ಪರೀಕ್ಷೆಗೆ ತಂದ ಮಾದರಿ,” ಎಂದೆ. ಮೂವರೂ ಸೇರಿ ಪರೀಕ್ಷೆ ಮಾಡಿ ಡಬ್ಬಿ ತೊಳೆದಿಟ್ಟೆವು.

ಮಾರ್ಚ್ 2, ಬುಧವಾರ. ತೈಲ: 37

ತಪಾಸಣೆ ಮುಂದುವರಿದಿದೆ. ಗೆಲಾವೇಜ್ ಹೊರಡುವಾಗ ಹೇಳಿದಳು: “ನಾಳೆ ನಮ್ಮಕ್ಕ ಬರ್ತಾಳೆ. ಎರಡು ಮಾದರಿ ತನ್ನಿ.”

ಮಾರ್ಚ್ 8, ಮಂಗಳವಾರ. ತೈಲ: 40

ನಲವತ್ತು ಮುಟ್ಟಿತು! ಫೈಕ್ ಫೋನು ಮಾಡಿ ಅತ್ತೇಬಿಟ್ಟ.

ಅಂಗಡಿಯಲ್ಲಿ ಒಂದು ಎಡವಟ್ಟಾಯಿತು. ಹೇಮಿನ್ ಹಾಲು ತರಲು ಹಳ್ಳಿಗಳ ಕಡೆ ಹೋಗಿದ್ದ. ಪೀರೋಜಳ ಎರಡೂ ಕೈ ಹಿಟ್ಟಿನಲ್ಲಿದ್ದವು. “ಅಧಿಕಾರಿಗಳೇ, ಆ ಚೀಲ ಒಂಚೂರು ಆಡಿಸ್ತಿರಿ. ಬೆಣ್ಣೆ ಕೂಡಿದ್ದು ಮತ್ತೆ ಒಡೆದು ಹೋಗುತ್ತೆ,” ಎಂದಳು. ಮೂರು ಕೋಲುಗಳ ಮುಕ್ಕಾಲಿಗೆ ತೂಗುಹಾಕಿದ ಆಡಿನ ಚರ್ಮದ ಚೀಲ. ಹಿಂದಕ್ಕೆ ಮುಂದಕ್ಕೆ ತೂಗಬೇಕು, ಒಳಗೆ ಮೊಸರು ಕಡೆದು ಮಜ್ಜಿಗೆಯಾಗುತ್ತದೆ. ನಾನು ಒಂದು ಕೈಯಲ್ಲಿ, ಅಧಿಕಾರದ ಘನತೆಗೆ ತಕ್ಕಂತೆ, ತೂಗಿದೆ.

“ಮಗು ಮಲಗಿಸ್ತಿದೀರಾ? ಎರಡೂ ಕೈ ಹಾಕಿ ಸ್ವಾಮಿ!”

ಎರಡೂ ಕೈ ಹಾಕಿದೆ. ಬೆವರಿಳಿಯಿತು. ಸರಿಯಾಗಿ ಹನ್ನೆರಡಕ್ಕೆ ಕೈಬಿಟ್ಟು, ಕೋಟು ತೊಟ್ಟು, ಹಾಜರಿ ಪುಸ್ತಕ ಎಲ್ಲಿದೆ ಎಂದು ಕೇಳಿದೆ.

“ಏನದು?”

“ಸಹಿ ಹಾಕೋದಕ್ಕೆ. ಹೊತ್ತಾಯ್ತಲ್ಲ.”

ಪೀರೋಜ್ ಕೈ ಒರೆಸಿಕೊಂಡು ಚೀಲದ ಬಾಯಿ ಬಿಚ್ಚಿ ತೋರಿಸಿದಳು. ಬೆಣ್ಣೆ ಇನ್ನೂ ಕಾಳುಕಾಳಾಗಿ ತೇಲುತ್ತಿತ್ತು. “ಇದು ಸಹಿ ಹಾಕ್ಲಿ, ಆಮೇಲೆ ನೀವು ಹೋಗಿ,” ಎಂದಳು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಹನ್ನೆರಡು ದಾಟಿದ ಮೇಲೂ ಕೆಲಸದಲ್ಲಿದ್ದೆ.

ಮಾರ್ಚ್ 13, ಭಾನುವಾರ. ತೈಲ: 40 (ಶುಕ್ರವಾರದ್ದು)

“ನಿನ್ನೆ ಮೊನ್ನೆ ಎಲ್ಲಿ ಮಾಯ ಆಗಿದ್ರಿ?” ಎಂದು ಪೀರೋಜ್ ತರಾಟೆಗೆ ತೆಗೆದುಕೊಂಡಳು.

“ಶುಕ್ರವಾರ ಶನಿವಾರ ಸರ್ಕಾರಿ ರಜೆ ಅಲ್ವಾ, ಪೀರೋಜಕ್ಕ.”

“ಹೌದಾ? ಎಮ್ಮೆಗಳಿಗೆ ಹೇಳಿ ನೋಡ್ತೀನಿ.”

ಗಿರಾಕಿಗಳೆಲ್ಲ ನಕ್ಕರು. ನಾನೂ ನಕ್ಕೆ, ಮನೆಗೆ ಬಂದ ಮೇಲೆ ಕೋಪ ಬಂತು.

ಏಪ್ರಿಲ್ 19, ಮಂಗಳವಾರ. ತೈಲ: 44

ಚೀಲದ ಕುತ್ತಿಗೆಯ ಹುರಿ ಕಿತ್ತು ಮಜ್ಜಿಗೆಯೆಲ್ಲ ಚೆಲ್ಲುವುದರಲ್ಲಿತ್ತು. ಕೈಗೆ ಸಿಕ್ಕಿದ್ದು ನನ್ನ ಟೈ. ಬಿಗಿದು ಕಟ್ಟಿದೆ. ಚೆನ್ನಾಗಿ ಕೂತಿದೆ, ಬಿಚ್ಚಲು ಹೋದರೆ ಪೀರೋಜ್ ಬಿಡಲಿಲ್ಲ. “ನಿಮ್ಮ ಕುತ್ತಿಗೇಲಿ ಏನು ಕೆಲಸ ಮಾಡ್ತಿತ್ತು ಅದು?” ಎಂದು ಕೇಳಿದಳು.

ಮೇ 26, ಗುರುವಾರ. ತೈಲ: 50!!

ಮುಟ್ಟಿತು. ಬೆಳಿಗ್ಗೆ ತಾವ್ಗಾ ಚಹಾ ಲೋಟವನ್ನೂ ಫೋನನ್ನೂ ಒಟ್ಟಿಗೆ ನನ್ನ ಮುಂದಿಟ್ಟಳು. ಕಣ್ಣು ಹೊಳೆಯುತ್ತಿತ್ತು.

“ಐವತ್ತು, ಅಪ್ಪ.”

ನಾನು ಗಂಟಲು ಸರಿಮಾಡಿಕೊಂಡೆ. “ಮುಟ್ಟೋದು ಬೇರೆ, ನಿಲ್ಲೋದು ಬೇರೆ. ಐವತ್ತು ಅಂದ್ರೆ ಏನು? ಸಂಬಳ ಶುರುವಾಗ್ಬೇಕು, ಹುದ್ದೆ ಖಾಲಿಯಾಗ್ಬೇಕು... ಐವತ್ತೈದು ಆಗಲಿ ನೋಡೋಣ.”

ಅವಳು ಕಿರುಚಲಿಲ್ಲ, ಅದೇ ಕಷ್ಟವಾಯಿತು. “ನೀವು ಗಂಡಸು ಅಂದಿದ್ರಲ್ಲ,” ಎಂದಷ್ಟೇ ಹೇಳಿ ಶಾಲೆಗೆ ಹೋದಳು. ಮೇಷ್ಟ್ರುಗಿರಿ ಅವಳದು, ಅವಳಿಗೂ ಸಂಬಳ ಬಂದಿಲ್ಲ.

ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ. ನನಗೆ ಹೆದರಿಕೆ. ತೊಂಬತ್ತರ ದಶಕದ ದಿಗ್ಬಂಧನದಲ್ಲಿ ನಮ್ಮ ಬೀದಿಯ ಜನ ಮನೆಯ ಬಾಗಿಲು ಕಿತ್ತು ಮಾರಿ ಹಿಟ್ಟು ತಂದರು. ನಾವೂ ಮಾರಿದೆವು. ತಾವ್ಗಾಗಿಂತ ಮೊದಲಿನ ಕೂಸು ಬಾಗಿಲಿಲ್ಲದ ಆ ಮನೆಯಲ್ಲಿ ಚಳಿ ಹಿಡಿದು ಹೋಯಿತು. ಆಮೇಲೆ ಸರ್ಕಾರಿ ಕುರ್ಚಿ ಸಿಕ್ಕಿತು, ಮನೆಗೆ ಬಾಗಿಲು ಬಂತು. ಕುರ್ಚಿ ಇಲ್ಲದವನ ಮನೆಗೆ ಮಗಳನ್ನು ಹೇಗೆ ಕಳಿಸಲಿ? ಇದನ್ನು ಅವಳಿಗೆ ಹೇಳಬೇಕಿತ್ತು. ಅದರ ಬದಲು ಪೀಪಾಯಿಯ ಲೆಕ್ಕ ಹೇಳಿದೆ.

ಜೂನ್ 14, ಮಂಗಳವಾರ. ತೈಲ: 49ರ ಆಸುಪಾಸು

ರಂಜಾನ್. ಇಡೀ ಊರು ಸಂಜೆ ಉಪವಾಸ ಬಿಡುವಾಗ ಮೊದಲು ಕೇಳುವುದೇ ಮಜ್ಜಿಗೆ. ಮಧ್ಯಾಹ್ನದಿಂದಲೇ ಸಾಲು. ಬಾಯಿ ಒಣಗಿದವರು ಒಣಗಿದ ಬಾಯಲ್ಲೇ ಬೈಯುತ್ತಾರೆ. ಗಡಿಯಾಚೆಯ ಡಬ್ಬಿ ಮೊಸರಿಗೆ ಇಷ್ಟು ಸಾಲು ಕಂಡಿಲ್ಲ. ಕೈಯಲ್ಲಿ ಕಾಸಿಲ್ಲದ ಮೇಲೆ ಜನಕ್ಕೆ ನಾಲಿಗೆಯ ರುಚಿ ನೆನಪಾಗಿರಬೇಕು.

ಹೇಮಿನ್ ಹೆಪ್ಪು ಹಾಕುವಾಗ ಹಾಲು ಬಿಸಿಯಿತ್ತು. “ಬೆರಳಿಟ್ಟು ನೋಡೋ, ಬೆರಳು ಸುಡಬಾರದು!” ಎಂದು ಗದರಿದೆ. ಅವನು “ಸರಿ ಸಾರ್” ಎಂದು ನಡುಗಿದ. ಒಳ್ಳೆಯ ಹುಡುಗ, ಆದರೆ ಆತುರ. ತಿದ್ದಬೇಕು.

ಜುಲೈ 19

ಬಿಸಿಲು. ಹಾಲು ಎರಡು ಸಲ ಒಡೆಯಿತು.

ಆಗಸ್ಟ್ 23

ಫೈಕ್ ಅಂಗಡಿಗೆ ಬಂದಿದ್ದ. ನನ್ನ ಮುಂಗೈಗೆ ಮೆತ್ತಿದ ಕೆನೆ ನೋಡಿ ಅವನ ಮುಖ ಬಿಳುಚಿತು. “ನೌಜಾದಣ್ಣ, ನೀನು... ಇಲ್ಲಿ?” ಎಂದ. “ತಪಾಸಣೆ,” ಎಂದೆ. “ಇಷ್ಟು ದಿನಾನಾ?” ಎಂದ. “ಸಮಗ್ರ ತಪಾಸಣೆ,” ಎಂದೆ. ಅವನು ತೈಲದ ಬೆಲೆ ಹೇಳಿದ. ಎಷ್ಟೆಂದ? ಗಿರಾಕಿ ಕಾಯುತ್ತಿದ್ದಳು, ಕೇಳಿಸಿಕೊಳ್ಳಲಾಗಲಿಲ್ಲ. ಎರಡು ಲೋಟ ಕುಡಿದು ಹೋದ, ಪಾಪ, ಬಡವಾಗಿದ್ದಾನೆ.

ಅಕ್ಟೋಬರ್ 11, ಮಂಗಳವಾರ

ಶಾಲೆಗಳು ಮುಚ್ಚಿವೆ. ಮೇಷ್ಟ್ರುಗಳೆಲ್ಲ ಬೀದಿಗಿಳಿದಿದ್ದಾರೆ. ಮೆರವಣಿಗೆಯ ಮುಂದಿನ ಸಾಲಿನಲ್ಲಿ ತಾವ್ಗಾ. ದನಿ ಅವರಮ್ಮನದು, ಹಟ ಮಾತ್ರ ಎಲ್ಲಿಂದ ಬಂತೋ ಗೊತ್ತಿಲ್ಲ.

ಬೆಳಿಗ್ಗೆ ಪಕ್ಷದ ಸಾಬಿರ್ ಕರೆಸಿದ. ಈ ಸಾಬಿರ್ ಒಂದು ಕಾಲದಲ್ಲಿ ನನಗೆ ಕುರ್ಚಿ ಕೊಡಿಸಿದವನು. ಅವನ ಕೋಣೆಯಲ್ಲಿ ಹೀಟರ್ ಉರಿಯುತ್ತದೆ, ಅಕ್ಟೋಬರಿನಲ್ಲೂ.

“ಬೆಲೆ ಏರ್ತಾ ಇದೆ ನೌಜಾದ್. ನೀನು ಯಾರೋ ಹುಡುಗನ ವಿಷಯ ಹೇಳ್ತಿದ್ದೆಯಲ್ಲ, ಅವನಿಗೊಂದು ಹುದ್ದೆ ಇದೆ. ಒಂದು ತಿಂಗಳಲ್ಲಿ ಆದೇಶ.”

ಎಷ್ಟು ತಿಂಗಳ ಕನಸು!

“ಒಂದೇ ವಿಷಯ. ಮಗಳನ್ನ ಬೀದಿಯಿಂದ ಮನೆಗೆ ಕರ್ಕೊ. ಹೆಣ್ಣುಮಗು, ಕೂಗಿ ಕೂಗಿ ಗಂಟಲು ಕೆಡಿಸ್ಕೊಳ್ತಾಳೆ.”

ಕೈ ಮುಗಿಯಬೇಕಿತ್ತು. “ಯೋಚನೆ ಮಾಡಿ ಹೇಳ್ತೀನಿ,” ಎಂದುಬಿಟ್ಟೆ. ನನ್ನ ಬಾಯಿ ಹಾಗೆ ಯಾಕೆ ಅಂದಿತೋ! ಹೊರಗೆ ಬಂದು ನನಗೆ ನಾನೇ ಬೈದುಕೊಂಡೆ, ಅಂಗಡಿಗೆ ಓಡಿದೆ. ಹೇಮಿನ್ ಮುಂದೆ ನಿಂತು, ಎಂಟು ತಿಂಗಳ ಗುಟ್ಟನ್ನು ಗುಡುಗಿನ ಹಾಗೆ ಬಿಚ್ಚಿದೆ: “ನಾನು ತಾವ್ಗಾಳ ತಂದೆ!”

ಪೀರೋಜ್ ತಲೆ ಎತ್ತಲಿಲ್ಲ. “ಫೆಬ್ರವರಿಯಿಂದ ಗೊತ್ತು. ಆ ಪಾತ್ರೆ ಮುಚ್ಚಿ, ನೊಣ ಕೂರುತ್ತೆ.”

ಪಾತ್ರೆ ಮುಚ್ಚಿದೆ. ಹುದ್ದೆಯ ವಿಷಯ, ಸಾಬಿರನ ಷರತ್ತು, ಎಲ್ಲ ಹೇಳಿದೆ. ಹೇಮಿನ್ ಕೆಂಪಗಾಗಿ, ಬೆಳ್ಳಗಾಗಿ, ಕೊನೆಗೆ ಹೇಳಿದ: “ತಾವ್ಗಾ ಮನೇಲಿ ಕೂರಲ್ಲ ಸಾರ್, ನನಗೆ ಅವಳು ಗೊತ್ತು. ನನ್ನ ಮಟ್ಟಿಗೆ ನೀವು ಸೇರು ಅಂದ್ರೆ ಸೇರ್ತೀನಿ. ಅವಳಿಗೋಸ್ಕರ ಯಾವ ಕುರ್ಚಿ ಮೇಲೆ ಬೇಕಾದ್ರೂ ಕೂರ್ತೀನಿ. ಆದ್ರೆ ಬೆಳಗ್ಗೆ ಹಾಲಿಗೆ ಯಾರು ಹೋಗ್ತಾರೆ?”

ನನಗೆ ಎಲ್ಲಿತ್ತೋ ಸಿಟ್ಟು. “ಯಾರು ಹೋಗ್ತಾರೆ? ಯಾರೂ ಹೋಗಲ್ಲ! ಅಂಗಡಿ ಮುಚ್ತೀಯಾ? ನನ್ನ ಗಿರಾಕಿಗಳು ಬಂದು ಬಾಗಿಲು ನೋಡ್ಕೊಂಡು ಹೋಗ್ಬೇಕಾ? ಅಲ್ಲಿ ಕೂತು ಏನು ಮಾಡ್ತೀಯ, ಫೈಕ್ ಥರ ಫೋನ್ ನೋಡ್ತೀಯಾ?”

ಬೆಳಿಗ್ಗೆ ಒಂದು ಪಾತ್ರೆ ಸೀದುಹೋಗಿತ್ತು, ಅದರ ಸಿಟ್ಟು ಇರಬೇಕು.

ಅಲ್ಲಿಂದಲೇ ಸಾಬಿರ್‌ಗೆ ಫೋನು ಮಾಡಿದೆ. “ಹುಡುಗನಿಗೆ ಪುರುಸೊತ್ತಿಲ್ಲ,” ಎಂದೆ.

“ಮಗಳು?”

“ಅವಳಿಗೂ ಪುರುಸೊತ್ತಿಲ್ಲ. ಮೆರವಣಿಗೆ ಇದೆಯಲ್ಲ.”

“ನಿನ್ನ ಫೈಲು ಎಲ್ಲಾದ್ರೂ ಕಳೆದುಹೋದ್ರೆ ಆಮೇಲೆ ನನ್ನ ಹತ್ರ ಬರಬೇಡ,” ಎಂದು ಫೋನಿಟ್ಟ.

ಫೋನು ಜೇಬಿಗೆ ಹಾಕಲು ಹೋಗಿ ಎರಡು ಸಲ ತಪ್ಪಿತು. ಇಡೀ ದಿನ ಚೀಲ ಆಡಿಸಿದರೆ ಹಾಗಾಗುತ್ತದೆ.

ನವೆಂಬರ್ 20, ಭಾನುವಾರ

ಫೈಲು ಕಳೆದುಹೋಯಿತು. ಈ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಎಂದು ಫೈಕ್ ಹೇಳಿದ, ಸತ್ತ ಮನೆಗೆ ಬಂದವನಂತೆ ಮುಖ ಮಾಡಿಕೊಂಡು.

ಸಂಬಳವೇ ಬಾರದ ಪಟ್ಟಿಯಲ್ಲಿ ಹೆಸರಿದ್ದರೇನು, ಇಲ್ಲದಿದ್ದರೇನು ಎಂದು ನಗಾಡಿದೆ. ಆದರೂ ಸಂಜೆ ಕಚೇರಿಯ ಮುಂದೆ ಸುಮ್ಮನೆ ಒಂದು ಸುತ್ತು ಹಾಕಿ ಬಂದೆ. ಇಪ್ಪತ್ತೊಂದು ವರ್ಷ. ಕಾವಲಿನವನು ಗುರುತು ಹಿಡಿದು, “ಮೊಸರು ಇದೆಯಾ ಸಾಹೇಬ್ರೇ?” ಎಂದು ಕೇಳಿದ. ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದೆ. ಗೆಲಾವೇಜ್ ಬೆನ್ನ ಮೇಲೆ ಕೈಯಿಟ್ಟಳು, ಈ ಸಲ ನಗಲಿಲ್ಲ.

ಮಲಗಿದಲ್ಲೇ ಮಗಳನ್ನು ಕರೆದು, ಬಾಗಿಲು ಮಾರಿದ ಕತೆ ಹೇಳಿದೆ, ಮೊದಲ ಕೂಸಿನ ಕತೆಯನ್ನೂ. ಅವಳು ಬಹಳ ಹೊತ್ತು ಕೂತಿದ್ದಳು. “ನಮ್ಮನೆಗೆ ಗಟ್ಟಿ ಬಾಗಿಲು ಹಾಕಿಸ್ತೀವಿ ಅಪ್ಪ,” ಎಂದಳು. ‘ನಮ್ಮನೆ’ ಎಂದರೆ ಯಾವುದೆಂದು ನಾನು ಕೇಳಲಿಲ್ಲ. ಶುಕ್ರವಾರ ಹೆಣ್ಣು ಕೇಳಲು ಅವರನ್ನು ಬರಹೇಳು, ಎಂದೆ.

ಡಿಸೆಂಬರ್ 16, ಶುಕ್ರವಾರ

ಬಂದರು. ಮೂರು ಶುಕ್ರವಾರ ಹಾಲಿನ ಗಲಾಟೆಯಲ್ಲಿ ಮುಂದಕ್ಕೆ ಹೋಗಿ, ಇವತ್ತು ಹಳ್ಳಿಯಿಂದ ಹಿರಿಯರೆಲ್ಲ ಬಂದರು. ಗೆಲಾವೇಜ್ ಬೆಳಿಗ್ಗೆಯಿಂದ ನನ್ನ ಟೈ ಹುಡುಕಿ ಹುಡುಕಿ ಸುಸ್ತಾದಳು. ಅದು ಚೀಲದ ಕುತ್ತಿಗೆಯಲ್ಲಿದೆ ಎಂದು ಕೊನೆಗೆ ಹೇಳಬೇಕಾಯಿತು. ಹಳೆಯ ದೊಗಲೆ ಷರಾಯಿ, ನಡುಪಟ್ಟಿ ಕಟ್ಟಿಕೊಂಡು ಕೂತೆ.

ಚಹಾ ಬಂತು. ನಮ್ಮಲ್ಲಿ ಹೆಣ್ಣಿನ ತಂದೆ ಹೂಂ ಎನ್ನುವವರೆಗೆ ಬಂದವರು ಲೋಟ ಮುಟ್ಟುವುದಿಲ್ಲ. ಹಬೆಯಾಡುವ ಲೋಟಗಳ ಮುಂದೆ ಹೇಮಿನ್‌ನ ದೊಡ್ಡಪ್ಪ ಗಡ್ಡ ಸವರಿಕೊಂಡ. ಬೆಟ್ಟದ ಮನುಷ್ಯ, ನನ್ನನ್ನು ಮೊದಲು ಕಂಡವನಲ್ಲ.

“ನಾವು ಹೆಣ್ಣು ಕೇಳಕ್ಕೆ ಬಂದೋರು, ನಿಜ. ಆದ್ರೂ ಒಂದು ಮಾತು ಮೊದಲೇ ಕೇಳ್ಬಿಡ್ತೀನಿ, ಬೇಜಾರು ಮಾಡ್ಕೋಬಾರ್ದು. ಹುಡುಗಿ ಅಪ್ಪ ಏನು ಕೆಲಸ ಮಾಡ್ತಾರೆ? ಸರ್ಕಾರಿ ನೌಕರರಾದ್ರೆ ಸ್ವಲ್ಪ ಯೋಚ್ನೆ. ಕಾಲ ಕೆಟ್ಟಿದೆ, ಎರಡೆರಡು ಮನೆ ಸಾಕೋ ಶಕ್ತಿ ನಮ್ಮ ಹುಡುಗನಿಗಿಲ್ಲ.”

ಪೀರೋಜ್ ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಳು. ನನಗೆ ಮಾತ್ರ ಆ ಪ್ರಶ್ನೆಯಲ್ಲಿ ತಪ್ಪೇನೂ ಕಾಣಲಿಲ್ಲ, ಹೆಣ್ಣು ತರುವವರು ವಿಚಾರಿಸಬೇಕಾದ್ದೇ.

“ಛೆ ಛೆ, ಇಲ್ಲಪ್ಪ,” ಎಂದೆ. “ನಾನು ಮೊಸರಿನವನು.”

“ಹಾಗಾದ್ರೆ ಸರಿ,” ಎಂದ ದೊಡ್ಡಪ್ಪ.

“ಮಗಳನ್ನ ಕೊಟ್ಟಿದೀನಿ. ಚಹಾ ತಗೊಳ್ಳಿ, ಆರುತ್ತೆ.”

ಲೋಟಗಳೆಲ್ಲ ಒಟ್ಟಿಗೆ ಮೇಲೆದ್ದವು. ಹೇಮಿನ್ ತನ್ನದನ್ನು ತೊಡೆಯ ಮೇಲೆ ಚೆಲ್ಲಿಕೊಂಡ. ಈ ಹುಡುಗನ ಕೈ ಇನ್ನೂ ಗಟ್ಟಿಯಾಗಬೇಕು, ನನ್ನ ಜೊತೆ ಇದ್ದರೆ ಆಗುತ್ತದೆ.

ಎಲ್ಲರೂ ಹೋದ ಮೇಲೆ ತಾವ್ಗಾ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಫೋನು ಹಿಡಿದು ಬಂದು ನನ್ನ ಮುಂದೆ ನಿಂತಳು. “ಅಪ್ಪ, ಐವತ್ತೈದು,” ಎಂದಳು.

“ಅಷ್ಟು ಲೋಟ ಎಲ್ಲಿಂದ ಬಂತೇ? ಬಿಡು, ನಾನೂ ತೊಳೀತೀನಿ,” ಎಂದೆ.

ನಗತೊಡಗಿದಳು. ನಕ್ಕು ನಕ್ಕು ನನ್ನ ಭುಜಕ್ಕೆ ಒರಗಿದಳು, ಆಮೇಲೆ ನೋಡಿದರೆ ಅಳುತ್ತಿದ್ದಾಳೆ. ಹೆಣ್ಣುಮಕ್ಕಳು ಇಂಥ ದಿನ ಹೀಗೇ ಏನೋ. ಫೈಕ್ ಕೂಡ ಸಂಜೆಯಿಂದ ಒಂದೇ ಸಮನೆ ಫೋನು ಮಾಡುತ್ತಿದ್ದಾನೆ. ಏನು ತುರ್ತೋ, ಬೆಳಿಗ್ಗೆ ಮಜ್ಜಿಗೆಗೆ ಬಂದಾಗ ಕೇಳಿದರಾಯಿತು.

ನಾಳೆ ಶನಿವಾರ. ಹಾಲು ಬೇಗ ಬರುತ್ತದೆ, ಮಲಗಬೇಕು.